ನಿನ್ನೆ ಬಿದ್ದ ಜಾಗಕ್ಕೆ ಇವತ್ತು ಬೀಳುದಿಲ್ಲ: ಸ್ಕೋಪಿನ ಝೀರೋ ಬಗ್ಗೆ ಓದುಗರ ಪ್ರಶ್ನೆಗಳು

ಮಳೆ ಸುರು ಆದ ಮೇಲೆ ಏರ್ ರೈಫಲ್ ಮತ್ತು ಸ್ಕೋಪ್ ಬಗ್ಗೆಯೇ ಜಾಸ್ತಿ ಪ್ರಶ್ನೆ ಬಂದದ್ದು, ಹಾಗಾಗಿ ಈ ಸಲ ಪೂರ್ತಿ ಅದೇ. ಝೀರೋ ಅಂದ್ರೆ ಇಟ್ಟ ಗುರಿಗೇ ಪೆಲೆಟ್ ಬೀಳುವ ಹಾಗೆ ಸ್ಕೋಪನ್ನು ಒಂದು ದೂರಕ್ಕೆ ಹೊಂದಿಸಿಡುದು. ಮೊದಲನೇ ಪತ್ರಕ್ಕೆ ಉದ್ದ ಉತ್ತರ ಉಂಟು, ಉಳಿದವರದ್ದು ಅರ್ಧ ಅದರಲ್ಲೇ ಮುಗೀತದೆ.

ಪ್ರಶ್ನೆ: ಸರ್, ನನ್ನ ಹತ್ರ 0.177 ಇಂಚಿನ (4.5 ಮಿ.ಮೀ.) ಸ್ಪ್ರಿಂಗ್ ಏರ್ ರೈಫಲ್ ಉಂಟು, ನಳಿಗೆ ಮಡಚಿ ಲೋಡ್ ಮಾಡುವಂಥದ್ದು, ಮರದ ಹಿಡಿ. ಡಿಸೆಂಬರಲ್ಲಿ ಆನ್‌ಲೈನಿಂದ ಒಂದು 3-9×40 ಸ್ಕೋಪ್ ತರಿಸಿ ಹಾಕಿದೆ. ಮನೆ ಹಿಂದಿನ ದರೆಗೆ ಬೋರ್ಡ್ ಇಟ್ಟು ಹೊಡಿಯುದು, 20 ಮೀಟರಲ್ಲಿ ಐದು ಪೆಲೆಟ್ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಬೀಳ್ತಿತ್ತು. ಜೂನ್ ಆದ ಮೇಲೆ ಎಲ್ಲ ಹಾಳು. ಒಮ್ಮೆ ಎಡಕ್ಕೆ, ಒಮ್ಮೆ ಕೆಳಗೆ, ಕ್ಲಿಕ್ ತಿರುಗಿಸಿ ಸರಿ ಮಾಡಿದ್ರೆ ಮರುದಿನ ಪುನಃ ಬೇರೆ ಕಡೆ. ಮೇಲಿನ ಟರೆಟ್ (ಕ್ಲಿಕ್ ಕ್ಲಿಕ್ ಅಂತ ತಿರುಗಿಸಿ ಗುರಿ ಮೇಲೆ ಕೆಳಗೆ ಮಾಡುವ ತಿರುಪು) ಈಗ ಹೆಚ್ಚುಕಮ್ಮಿ ಕೊನೆ ಮುಟ್ಟಿದೆ. ಮೆಂಟೆನೆನ್ಸಿಗೆ ಏನೂ ಕಮ್ಮಿ ಮಾಡ್ಲಿಲ್ಲ, ತುಕ್ಕು ಹಿಡೀಬಾರ್ದು ಅಂತ ವಾರ ವಾರ ಎಣ್ಣೆ ಬಿಡ್ತೇನೆ. ಸ್ಕೋಪ್ ಹೋಯ್ತಾ? ಹೊಸತು ತಗೊಳ್ಳುದಾ?
– ಓದುಗರು, ಕಟಪಾಡಿ

ಉತ್ತರ: ಮೊದಲು ಆ ಟರೆಟ್ ಮುಟ್ಟುದನ್ನು ನಿಲ್ಸಿ ಮಾರಾಯ್ರೆ. ಝೀರೋ ಒಂದೇ ದಿಕ್ಕಿಗೆ ಒಂದೇ ಅಳತೆಯಲ್ಲಿ ತಪ್ಪಿದ್ರೆ ಕ್ಲಿಕ್ಕಲ್ಲಿ ಸರಿ ಆಗ್ತದೆ, ಆದ್ರೆ ಒಮ್ಮೆ ಎಡ ಒಮ್ಮೆ ಕೆಳಗೆ ಅಂತ ಅಲೆದಾಡ್ತಾ ಉಂಟು ಅಂದ್ರೆ ಎಲ್ಲೋ ಎಂಥದ್ದೋ ಸಡಿಲ ಉಂಟು, ಅದನ್ನು ಹುಡುಕದೆ ಕ್ಲಿಕ್ ತಿರುಗಿಸುದು ಅಂದ್ರೆ ಸಮಯ ತಪ್ಪುವ ಗಡಿಯಾರದ ಮುಳ್ಳನ್ನು ದಿನಾ ಬೆರಳಲ್ಲಿ ಸರಿ ಮಾಡಿದ ಹಾಗೆ. ನಿಮ್ಮ ಪತ್ರದಲ್ಲೇ ಸುಳಿವು ಬೇಕಾದಷ್ಟು ಉಂಟು: ಸ್ಪ್ರಿಂಗ್ ಗನ್, ಮರದ ಹಿಡಿ, ಮಳೆಗಾಲ, ವಾರ ವಾರ ಎಣ್ಣೆ, ಕೊನೆ ಮುಟ್ಟಿದ ಟರೆಟ್. ಸ್ಕೋಪ್ ಹಾಳಾಗಿರ್ಲಿಕ್ಕೂ ಸಾಕು, ಆದ್ರೆ ಅನುಮಾನ ಪಡುದಾದ್ರೆ ಅದನ್ನು ಕಟ್ಟಕಡೆಗೆ ಪಡ್ಬೇಕು.

ಗನ್ ಖಾಲಿ ಉಂಟಾ ನೋಡಿ, ಸ್ಪ್ರಿಂಗ್ ಕಾಕ್ ಆಗಿರುವಾಗ ಯಾವ ಸ್ಕ್ರೂವನ್ನೂ ಮುಟ್ಟಬೇಡಿ, ನಳಿಗೆ ಮಡಚಿರುವಾಗ ಸಂದಿಗೆ ಬೆರಳು ಹಾಕ್ಬೇಡಿ. ಇದು ಆದ ಮೇಲೆ ಮುಂದಿನ ಮಾತು.

ಹಿಡಿಯಿಂದ ಸುರು ಮಾಡಿ, ಯಾಕಂದ್ರೆ ಎಲ್ರೂ ಸ್ಕೋಪಿನ ಸ್ಕ್ರೂ ನೋಡ್ತಾರೆ, ಹಿಡಿಯ ಸ್ಕ್ರೂ ಯಾರೂ ನೋಡುದಿಲ್ಲ. ಹಿಡಿಯ ಮುಂದಿನ ಭಾಗದಲ್ಲಿ ಎರಡೂ ಬದಿಗೆ ಒಂದೊಂದು, ಟ್ರಿಗರ್ ಗಾರ್ಡಿನ ಹತ್ರ ಒಂದೋ ಎರಡೋ, ಇಷ್ಟರ ಮೇಲೆಯೇ ಕಬ್ಬಿಣದ ಭಾಗ ಪೂರ್ತಿ ಮರದಲ್ಲಿ ಕೂತಿರುದು. ಸ್ಪ್ರಿಂಗ್ ಗನ್ನಿನ ಅದುರಾಟಕ್ಕೆ ಇವು ತನ್ನಷ್ಟಕ್ಕೆ ಸಡಿಲ ಆಗ್ತವೆ. ಅದರ ಮೇಲೆ ನಮ್ಮ ಕರಾವಳಿಯ ಮಳೆ. ಮರ ಗಾಳಿಯ ತೇವ ಎಳ್ಕೊಂಡು ಉಬ್ಬುತದೆ, ನವೆಂಬರಲ್ಲಿ ಒಣಗಿ ಕುಗ್ಗುತದೆ, ಡಿಸೆಂಬರಲ್ಲಿ ಬಿಗಿ ಮಾಡಿದ ಸ್ಕ್ರೂ ಆಟಿಯ ಮಳೆಯಲ್ಲಿ ಹಾಗೇ ಇರ್ಬೇಕಂತ ಇಲ್ಲ. ಫೈಬರ್ ಹಿಡಿಯವರಿಗೆ ಈ ಉಬ್ಬುವ ಕುಗ್ಗುವ ರಗಳೆ ಇಲ್ಲ, ಸ್ಕ್ರೂ ಸಡಿಲ ಆಗುದು ಮಾತ್ರ ಅವರಿಗೂ ತಪ್ಪಿದ್ದಲ್ಲ. ಬಿಗಿ ಮಾಡುವಾಗ ಮರ ನುಗ್ಗಾಗುವಷ್ಟು ಒತ್ಬೇಡಿ, ಗಟ್ಟಿಯಾಗಿ ಕೂತರೆ ಸಾಕು. ಹಾಗೇ ನಳಿಗೆ ಮಡಚುವ ಜಾಗದ ಬೋಲ್ಟ್ ನೋಡಿ, ನಳಿಗೆಯನ್ನು ಹಿಡ್ಕೊಂಡು ಎಡಬಲ ಅಲ್ಲಾಡ್ಸಿ, ಕೂದಲೆಳೆಯಷ್ಟು ಆಟ ಇದ್ರೂ ಸಾಕು, ಸ್ಕೋಪ್ ಎಷ್ಟೇ ಬೆಲೆಯದ್ದಾದ್ರೂ ಗುರಿ ನಿಲ್ಲುದಿಲ್ಲ, ಯಾಕಂದ್ರೆ ಸ್ಕೋಪ್ ಕೂತದ್ದು ಒಂದು ತುಂಡಿನ ಮೇಲೆ, ಪೆಲೆಟ್ ಹೋಗುದು ಇನ್ನೊಂದರಿಂದ.

ಈಗ ಮೌಂಟ್, ಅಂದ್ರೆ ಸ್ಕೋಪನ್ನು ಗನ್ನಿಗೆ ಹಿಡಿಸುವ ರಿಂಗು ಮತ್ತು ಅದರ ಬೇಸು. ಏರ್ ರೈಫಲಿನ ಮೇಲೆ ಹೆಚ್ಚಾಗಿ 11 ಮಿ.ಮೀ. ಡವ್‌ಟೇಲ್ ಗಾಡಿ (ಮೌಂಟ್ ಕಚ್ಚಿ ಕೂರುವ ಉದ್ದ ತೋಡು) ಇರ್ತದೆ, ದೊಡ್ಡ ರೈಫಲಿನ ಅಗಲದ ರೈಲಿನ ರಿಂಗ್ ಅದಕ್ಕೆ ಕೂರುದಿಲ್ಲ, ಹೇಗಾದ್ರೂ ಕೂರ್ಸಿದ್ರೂ ನಿಲ್ಲುದಿಲ್ಲ. ಸ್ಕೋಪ್ ಪೂರ್ತಿ ಬಿಚ್ಚಿ. ಗಾಡಿಯಲ್ಲೂ ರಿಂಗಿನ ಒಳಗೂ ಎಣ್ಣೆಯ ಪಸೆ ಇರ್ತದೆ, ವಾರ ವಾರ ಎಣ್ಣೆ ಬಿಡುವವರದ್ದು ಕೇಳುದೇ ಬೇಡ, ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಒಣ ಬಟ್ಟೆಯಲ್ಲಿ ಒರೆಸಿ. ರಿಂಗ್ ಹಿಡಿಯುದೇ ಘರ್ಷಣೆಯಿಂದ, ಅಲ್ಲಿ ಎಣ್ಣೆ ಇದ್ರೆ ಎಷ್ಟು ಬಿಗಿ ಮಾಡಿದ್ರೂ ಜಾರ್ತದೆ. ಹಾಗಂತ ಕೋಪದಲ್ಲಿ ಬಿಗಿ ಮಾಡಿ ಟ್ಯೂಬ್ ಜಜ್ಜಬೇಡಿ, ರಿಂಗಿನ ಸ್ಕ್ರೂಗೆ 15ರಿಂದ 18 ಇಂಚ್-ಪೌಂಡ್ ಸಾಕಾಗ್ತದೆ, ಅಂದ್ರೆ 2 ನ್ಯೂಟನ್ ಮೀಟರಿನ ಹತ್ರ. ಟಾರ್ಕ್ ವ್ರೆಂಚ್ ಇಲ್ಲದವರು ಎಲನ್ ಕೀಯ ಉದ್ದದ ಬದಿಯನ್ನು ಸ್ಕ್ರೂಗೆ ಹಾಕಿ ಗಿಡ್ಡ ಬದಿಯನ್ನು ಎರಡು ಬೆರಳಲ್ಲಿ ತಿರುಗಿಸಿ, ಅದಕ್ಕಿಂತ ಜಾಸ್ತಿ ಬೇಡ. ನಾಲ್ಕು ಸ್ಕ್ರೂ ಇದ್ರೆ ಎದುರು ಬದುರು ಸ್ವಲ್ಪ ಸ್ವಲ್ಪ, ಎರಡೂ ಬದಿಯ ಸಂದಿ ಒಂದೇ ಅಗಲ ಇರುವ ಹಾಗೆ. ಸ್ಕೋಪ್ ಟ್ಯೂಬ್ 25.4 ಮಿ.ಮೀ. ಆದ್ರೆ ರಿಂಗ್ ಕೂಡ ಅದೇ ಆಗ್ಬೇಕು, 30 ಮಿ.ಮೀ. ರಿಂಗಿಗೆ ಸೈಕಲ್ ಟ್ಯೂಬ್ ಸುತ್ತಿ ಹಾಕುವವರು ನಮ್ಮಲ್ಲಿ ಇದ್ದಾರೆ, ದಯವಿಟ್ಟು ಬೇಡ.

ಕೂರ್ಸಿ ಆದ ಮೇಲೆ ಮನೆಯಲ್ಲಿ ಯಾರದ್ದಾದ್ರೂ ನೈಲ್ ಪಾಲಿಶ್ ಕೇಳಿ ರಿಂಗಿನ ಅಂಚಿಂದ ಟ್ಯೂಬಿನ ಮೇಲೆ ಒಂದು ಸಣ್ಣ ಗೆರೆ, ಮೌಂಟಿನ ಅಂಚಿಂದ ಗಾಡಿಯ ಮೇಲೆ ಇನ್ನೊಂದು ಗೆರೆ ಎಳೀರಿ. ಐವತ್ತು ಪೆಲೆಟ್ ಹೊಡ್ದ ಮೇಲೆ ಗೆರೆ ತುಂಡಾಗಿದ್ಯಾ ನೋಡಿ. ಇಷ್ಟು ಸುಲಭದ ಪರೀಕ್ಷೆ ಮಾಡದೆ ಸ್ಕೋಪನ್ನೇ ಬದಲಿಸಿ ಪುನಃ ಅದೇ ಸಡಿಲ ಮೌಂಟಿಗೆ ಹೊಸ ಸ್ಕೋಪ್ ಹಾಕಿ ಅದಕ್ಕೂ ಬೈಯುವವರು ತುಂಬ ಜನ.

ಗೆರೆ ತುಂಡಾಗುದು ಸ್ಪ್ರಿಂಗ್ ಗನ್ನಿನಲ್ಲಿ ಯಾಕೆ ಅಷ್ಟು ಸಾಮಾನ್ಯ ಅಂದ್ರೆ, ಅದರ ಒದೆತ ಎರಡು ಕಡೆಗೆ. ಟ್ರಿಗರ್ ಬಿಟ್ಟ ಕೂಡ್ಲೇ ಒಳಗಿನ ಪಿಸ್ಟನ್ ಮುಂದಕ್ಕೆ ಹಾರ್ತದೆ, ಗನ್ ಹಿಂದಕ್ಕೆ ಬರ್ತದೆ, ಪಿಸ್ಟನ್ ಮುಂದೆ ಹೋಗಿ ಒತ್ತಿದ ಗಾಳಿಗೆ ತಾಗಿ ನಿಲ್ಲುವಾಗ ಇಡೀ ಗನ್ ಮುಂದಕ್ಕೆ ಜಗ್ತದೆ. ಸ್ಕೋಪ್ ಮಾತ್ರ ಇದ್ದಲ್ಲೇ ಇರ್ಲಿಕ್ಕೆ ನೋಡ್ತದೆ, ಹಾಗಾಗಿ ಮೌಂಟ್ ಗಾಡಿಯ ಮೇಲೆ ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ತೆವಳ್ತದೆ. ಅದಕ್ಕೇ ಒಳ್ಳೆ ಮೌಂಟಿನ ಅಡಿಯಲ್ಲಿ ಒಂದು ಪಿನ್ ಇರುದು, ಗನ್ನಿನ ಗಾಡಿಯಲ್ಲಿ ತೂತು ಇದ್ರೆ ಅದರೊಳಗೆ ಇಳಿಸ್ಬೇಕು, ಇಲ್ಲದಿದ್ರೆ ಹಿಂದೆ ಒಂದು ಸ್ಟಾಪರ್ ತುಂಡು ಹಾಕ್ಬೇಕು. ಸ್ಕೋಪಿನ ಒಳಗೂ ಇದೇ ಕತೆ. ಹಿಂದಕ್ಕೆ ಮಾತ್ರ ಒದೆಯುವ ದೊಡ್ಡ ರೈಫಲಿಗೆ ಅಂತ ಮಾಡಿದ ಸ್ಕೋಪು ಈ ಮುಂದಿನ ಜಗ್ಗಾಟಕ್ಕೆ ತಯಾರಿರುದಿಲ್ಲ, ಲೆನ್ಸ್ ಕೂತಲ್ಲಿಂದ ಸಡಿಲ ಆಗ್ತದೆ. ಆದ್ದರಿಂದ ಮುಂದೆ ಯಾವಾಗಾದ್ರೂ ತಗೊಳ್ಳುದಾದ್ರೆ ಎಷ್ಟು ಪಟ್ಟು ಝೂಮ್ ಅಂತ ನೋಡುವ ಮೊದಲು ಸ್ಪ್ರಿಂಗ್ ಏರ್ ರೈಫಲಿಗೆ ಆಗ್ತದಾ ಅಂತ ಕೇಳಿ.

ಇನ್ನು ಎಣ್ಣೆ. ನೀವು ಒಳ್ಳೇದಕ್ಕೇ ಮಾಡಿದ್ದು, ಗೊತ್ತು, ಉಪ್ಪು ಗಾಳಿಗೆ ಇಲ್ಲಿ ಕಬ್ಬಿಣ ಒಂದು ರಾತ್ರಿಯಲ್ಲಿ ಕೆಂಪಾಗ್ತದೆ. ಆದ್ರೆ ಎಣ್ಣೆ ಹೊರಗೆ ಒರೆಸ್ಲಿಕ್ಕೆ, ಒಳಗೆ ಬಿಡ್ಲಿಕ್ಕೆ ಅಲ್ಲ. ನಳಿಗೆ ಹಿಂದಿನ ಗಾಳಿ ಬರುವ ತೂತಿಗೆ ಎಣ್ಣೆ ಇಳಿದ್ರೆ, ಪಿಸ್ಟನ್ ಗಾಳಿಯನ್ನು ಒತ್ತುವಾಗ ಆ ಬಿಸಿಗೆ ಎಣ್ಣೆಗೆ ಬೆಂಕಿ ಹಿಡೀತದೆ, ಡೀಸೆಲ್ ಇಂಜಿನ್ ಕೆಲಸ ಮಾಡುದೂ ಇದೇ ತತ್ವದಲ್ಲಿ, ಹಾಗಾಗಿ ಇದಕ್ಕೆ ಡೀಸಲಿಂಗ್ ಅಂತಲೇ ಹೇಳುದು. ಪೆಲೆಟ್ ಒಮ್ಮೆ ಜೋರಾಗಿ ಹೋಗ್ತದೆ ಒಮ್ಮೆ ಮೆಲ್ಲ ಹೋಗ್ತದೆ, ಬೀಳುವ ಜಾಗ ಮೇಲೆ ಕೆಳಗೆ ಆಗ್ತದೆ, ಸ್ಪ್ರಿಂಗ್ ಮತ್ತು ಸೀಲ್ ಕೂಡ ಕೆಡ್ತದೆ. ಹೊಡ್ದಾಗ ಟಪ್ ಅಂತ ಪಟಾಕಿ ಸೌಂಡು, ನಳಿಗೆ ತುದಿಯಲ್ಲಿ ಹೊಗೆ, ಸುಟ್ಟ ವಾಸನೆ ಇದ್ರೆ ಅದೇ. ನಳಿಗೆಗೆ ಒಣ ಬಟ್ಟೆ ತುಂಡು ಎಳೆದು ಒರೆಸಿ, ಒಳಗೆ ಇನ್ನು ಎಣ್ಣೆ ಬಿಡ್ಬೇಡಿ, ನಿಧಾನಕ್ಕೆ ಸುಟ್ಟು ಹೋಗಿ ಸರಿ ಆಗ್ತದೆ. ನಳಿಗೆ ಕ್ಲೀನ್ ಮಾಡಿದ ಮೇಲಿನ ಮೊದಲ ಕೆಲವು ಪೆಲೆಟ್ ಹೇಗೂ ಬೇರೆ ಕಡೆ ಬೀಳ್ತವೆ, ಅದನ್ನು ನೋಡಿ ಕ್ಲಿಕ್ ತಿರುಗಿಸ್ಬೇಡಿ.

ಟರೆಟ್ ಕೊನೆ ಮುಟ್ಟಿದ್ದು ನನಗೆ ಎಲ್ಲಕ್ಕಿಂತ ಜಾಸ್ತಿ ಅನುಮಾನ. ಸ್ಕೋಪಿನ ಒಳಗೆ ಇನ್ನೊಂದು ಸಣ್ಣ ಟ್ಯೂಬ್ ಉಂಟು, ಟರೆಟಿನ ಸ್ಕ್ರೂ ಮೇಲಿಂದ ಮತ್ತು ಬದಿಯಿಂದ ಅದನ್ನು ಒತ್ತುತದೆ, ಎದುರಿಂದ ಒಂದು ಸ್ಪ್ರಿಂಗ್ ವಾಪಸ್ ಒತ್ತುತದೆ, ಎರಡರ ಮಧ್ಯೆ ಅದು ನಿಂತಿರುದು. ಪೆಲೆಟ್ ಮೇಲೆ ಬೀಳ್ಲಿ ಅಂತ ನೀವು ತಿರುಗಿಸ್ತಾ ಹೋದ ಹಾಗೆ ಸ್ಕ್ರೂ ಮೇಲೆ ಬರ್ತದೆ, ಸ್ಪ್ರಿಂಗ್ ಬಿಚ್ಚಿಕೊಳ್ತಾ ಒತ್ತಡ ಕಮ್ಮಿ ಆಗ್ತದೆ, ಕೊನೆಗೆ ಒಳಗಿನ ಟ್ಯೂಬ್ ಪ್ರತಿ ಹೊಡೆತಕ್ಕೂ ಬೇರೆ ಬೇರೆ ಕಡೆ ಕೂರ್ತದೆ. ಸ್ಕೋಪ್ ಹಾಳಾಗದೇ ಹಾಳಾದ ಹಾಗೆ ಕಾಣ್ತದೆ. ಮಡಚುವ ಗನ್ನುಗಳಲ್ಲಿ ನಳಿಗೆ ಗಾಡಿಗಿಂತ ಸ್ವಲ್ಪ ಕೆಳಮುಖ ಇರುದು ತುಂಬ ಸಾಮಾನ್ಯ, ಅದಕ್ಕೇ ಅಷ್ಟು ಮೇಲೆ ತಿರುಗಿಸ್ಬೇಕಾಗಿ ಬಂದದ್ದು.

ಹೀಗೆ ಮಾಡಿ. ಟರೆಟನ್ನು ಒಂದು ಕೊನೆಯಿಂದ ಇನ್ನೊಂದು ಕೊನೆ ವರೆಗೆ ಮೆಲ್ಲ ತಿರುಗಿಸಿ ಒಟ್ಟು ಕ್ಲಿಕ್ ಎಣಿಸಿ, ಅರ್ಧಕ್ಕೆ ವಾಪಸ್ ತನ್ನಿ, ಬದಿಯದ್ದೂ ಹಾಗೇ. ಆಮೇಲೆ ಹಿಂದಿನ ರಿಂಗಿನ ಕೆಳಗಿನ ಅರ್ಧದಲ್ಲಿ, ಟ್ಯೂಬಿನ ಅಡಿಗೆ, ತಂಪು ಪಾನೀಯದ ಕ್ಯಾನಿಂದ ಕತ್ತರಿಸಿದ ಒಂದು ಪಟ್ಟಿ ಇಡಿ, ಅಂಚು ಉಜ್ಜಿ ನಯ ಮಾಡಿ. ಅದರ ದಪ್ಪ ಸುಮಾರು 0.1 ಮಿ.ಮೀ., ಎರಡು ರಿಂಗಿನ ಮಧ್ಯೆ 100 ಮಿ.ಮೀ. ಅಂತರ ಇದ್ರೆ 25 ಮೀಟರಲ್ಲಿ ಪೆಲೆಟ್ 25 ಮಿ.ಮೀ. ಮೇಲೆ ಹೋಗ್ತದೆ, ಕಾಲು ಮಿನಿಟಿನ (ಮಿನಿಟ್ ಅಂದ್ರೆ ಇಲ್ಲಿ ಕೋನದ ಅಳತೆ, ಒಂದು ಡಿಗ್ರಿಯ ಅರವತ್ತನೇ ಒಂದು ಪಾಲು) ಕ್ಲಿಕ್ ಆದ್ರೆ ಅಲ್ಲಿ ಒಂದು ಕ್ಲಿಕ್ಕಿಗೆ 1.8 ಮಿ.ಮೀ. ಮಾತ್ರ, ಅಂದ್ರೆ ಒಂದು ಪಟ್ಟಿ ಹದಿನಾಲ್ಕು ಕ್ಲಿಕ್ಕಿನ ಕೆಲಸ ಮಾಡ್ತದೆ. ಒಂದೆರಡು ಪಟ್ಟಿ ಸರಿ, ಅದಕ್ಕಿಂತ ಜಾಸ್ತಿ ಬೇಕಾದ್ರೆ ಟ್ಯೂಬ್ ಬಗ್ಗುತದೆ, ಈ ಕೆಳಮುಖಕ್ಕೆ ಅಂತಲೇ ಹಿಂದೆ ಎತ್ತರ ಮಾಡಿದ ಮೌಂಟ್ ಸಿಗ್ತದೆ, ಅದನ್ನೇ ಹಾಕಿ.

ಈಗ ಹೊಡ್ದು ನೋಡುದು. ಬೆಳಿಗ್ಗೆ ಹೊತ್ತು ಮಾಡಿ, ಮಧ್ಯಾಹ್ನ ಮೇಲೆ ಕಡಲ ಗಾಳಿ ಏಳ್ತದೆ, ಅರ್ಧ ಗ್ರಾಮಿನ ಪೆಲೆಟನ್ನು ಅದು 25 ಮೀಟರಲ್ಲಿ ಒಂದೆರಡು ಸೆಂಟಿಮೀಟರ್ ಆರಾಮಾಗಿ ದೂಡ್ತದೆ. ಒಂದೇ ಡಬ್ಬಿಯ ಪೆಲೆಟ್, ಒಂದೇ ದೂರ. ಗನ್ನನ್ನು ಮೇಜಿಗೆ ಅಥವಾ ಗೋಡೆಗೆ ತಾಗಿಸಿ ಗಟ್ಟಿ ಹಿಡೀಬೇಡಿ, ಪೆಲೆಟ್ ಹೊರಗೆ ಬೀಳುವ ಮೊದಲೇ ಗನ್ ಕದಲ್ಲಿಕ್ಕೆ ಸುರು ಆಗಿರ್ತದೆ, ಹಿಡಿತ ಬದಲಾದ ಹಾಗೆ ಬೀಳುವ ಜಾಗವೂ ಬದಲಾಗ್ತದೆ. ಅಂಗೈ ಬಿಡಿಸಿ ಅದರ ಮೇಲೆ ಹಿಡಿಯ ಮುಂದಿನ ಭಾಗ ಸುಮ್ಮನೆ ಕೂರ್ಸಿ, ಭುಜಕ್ಕೆ ಹಗೂರ ತಾಗಿಸಿ, ಅದು ಹೇಗೆ ಬೇಕೋ ಹಾಗೆ ಒದೆಯಲಿ, ಪ್ರತಿ ಸಲವೂ ಅದೇ ಜಾಗದಲ್ಲಿ ಅದೇ ಹಿಡಿತ. ಎಷ್ಟೋ ಸಲ ಸ್ಕೋಪಿನ ದೋಷ ಅಂತ ಬಂದದ್ದು ಇಲ್ಲೇ ಮುಗೀತದೆ. ಐದು ಪೆಲೆಟ್ ಹೊಡೀರಿ, ಎಲ್ಲಿ ಬಿತ್ತು ಅಂತ ಈಗ ತಲೆ ಕೆಡಿಸ್ಬೇಡಿ, ಒಟ್ಟಿಗೆ ಬಿತ್ತಾ ಅಂತ ಮಾತ್ರ ನೋಡಿ. ಗುಂಪು ಸಣ್ಣ ಉಂಟು ಅಂದ್ರೆ ಆಮೇಲೆ ಕ್ಲಿಕ್.

ದೂರ ಬದಲಿಸಿದ್ರೆ ಝೀರೋ ಹೋಯ್ತು ಅಂತ ಬರೆಯುವವರೂ ಇದ್ದಾರೆ. ಸ್ಕೋಪ್ ನಳಿಗೆಗಿಂತ 40 ಮಿ.ಮೀ. ಆಸುಪಾಸು ಮೇಲೆ ಕೂತಿರ್ತದೆ, 20 ಮೀಟರಿಗೆ ಝೀರೋ ಮಾಡಿದ್ರೆ 5 ಮೀಟರಲ್ಲಿ ಕೆಳಗೆ ಬೀಳ್ತದೆ, 30ರಲ್ಲೂ ಕೆಳಗೆ ಬೀಳ್ತದೆ, ಅದು ದೋಷ ಅಲ್ಲ. ಇನ್ನೊಂದು, ಗನ್ನನ್ನು ಅಲ್ಲಾಡದ ಹಾಗೆ ಇಟ್ಟು ಸ್ಕೋಪಲ್ಲಿ ನೋಡ್ತಾ ತಲೆ ಮಾತ್ರ ಆಚೀಚೆ ಮಾಡಿ, ಕ್ರಾಸ್ ಗೆರೆ ಬೋರ್ಡಿನ ಮೇಲೆ ಜಾರಿದ್ರೆ ಅದು ಪ್ಯಾರಲಾಕ್ಸ್. ಎಷ್ಟೋ ಸ್ಕೋಪು 100 ಗಜಕ್ಕೆ ಸೆಟ್ ಆಗಿ ಬರ್ತದೆ, 20 ಮೀಟರಲ್ಲಿ ಕಣ್ಣು ಸ್ವಲ್ಪ ಆಚೀಚೆ ಆದ್ರೂ ಗುರಿ ತಪ್ತದೆ. ಮುಂದಿನ ಲೆನ್ಸಿನ ರಿಂಗ್ ತಿರುಗಿಸಿ ದೂರ ಹೊಂದಿಸುವಂಥದ್ದು ಏರ್ ರೈಫಲಿಗೆ ಒಳ್ಳೇದು, ಇಲ್ಲದಿದ್ರೆ ಕೆನ್ನೆ ಪ್ರತಿ ಸಲ ಒಂದೇ ಜಾಗಕ್ಕೆ ತಾಗ್ಬೇಕು.

ಇಷ್ಟಾದ ಮೇಲೂ ಅಲೆದಾಡಿದ್ರೆ ಸ್ಕೋಪ್ ತೆಗೆದು ಗನ್ನಿನದ್ದೇ ಗುರಿ ಇಡುವ ಸೈಟಲ್ಲಿ ಐದು ಹೊಡೀರಿ. ಅದರಲ್ಲಿ ಗುಂಪು ಒಟ್ಟಿಗೆ ಬಿದ್ದು ಸ್ಕೋಪಲ್ಲಿ ಬೀಳದಿದ್ರೆ ಆಗ ಹೇಳ್ಬಹುದು ಸ್ಕೋಪೇ ಅಂತ. ಖಾತ್ರಿ ಮಾಡ್ಲಿಕ್ಕೆ ಚೌಕ ಹೊಡೀರಿ: ಒಂದು ಗುಂಪು, 20 ಕ್ಲಿಕ್ ಮೇಲೆ ಒಂದು ಗುಂಪು, 20 ಬಲಕ್ಕೆ, 20 ಕೆಳಗೆ, 20 ಎಡಕ್ಕೆ, ಕೊನೆಯ ಗುಂಪು ಮೊದಲನೇದರ ಮೇಲೆಯೇ ಬೀಳ್ಬೇಕು, ನಿಶಾನೆ ಇಡುದು ಮಾತ್ರ ಇಡೀ ಹೊತ್ತು ಒಂದೇ ಚುಕ್ಕೆಗೆ. ಬೀಳದಿದ್ರೆ ಹೊಸತು ತಗೊಳ್ಳಿ, ಬಿಚ್ಚಿ ರಿಪೇರಿ ಮಾಡ್ಲಿಕ್ಕೆ ಹೋಗ್ಬೇಡಿ.

ಪ್ರಶ್ನೆ: ನನ್ನದು ಲೈಸೆನ್ಸಿನ 0.22 ರೈಫಲ್. ಚುನಾವಣೆ ಹೊತ್ತಿಗೆ ಅದನ್ನು ಪೊಲೀಸ್ ಸ್ಟೇಷನಲ್ಲಿ ಠೇವಣಿ ಇಟ್ಟು ವಾಪಸ್ ತಂದ ಮೇಲೆ ಸ್ಕೋಪಿನ ಗುರಿ ಒಂದು ಗೇಣು ಬಲಕ್ಕೆ. ಅಲ್ಲಿ ಯಾರಾದ್ರೂ ತಿರುಗಿಸಿದ್ರಾ?
– ಓದುಗರು, ಬೆಳ್ತಂಗಡಿ

ಉತ್ತರ: ತಿರುಗಿಸ್ಬೇಕಂತ ಇಲ್ಲ. ಹತ್ತಾರು ಕೋವಿ ಒಟ್ಟಿಗೆ ಒರಗಿಸಿ ಇಟ್ಟಾಗ ಪಕ್ಕದ್ದರ ಭಾರ ಸ್ಕೋಪಿನ ಮೇಲೆ ಬಿದ್ರೂ ಸಾಕು, ಜೀಪಲ್ಲಿ ತರುವಾಗ ಒಂದು ಪೆಟ್ಟು ಬಿದ್ರೂ ಸಾಕು. ನಿಮ್ಮದು ಒಂದೇ ದಿಕ್ಕಿಗೆ ತಪ್ಪಿದ್ದು, ಕಟಪಾಡಿಯವರ ಹಾಗೆ ಅಲೆದಾಡುದಲ್ಲ, ಹಾಗಾಗಿ ಮೌಂಟ್ ಬಿಗಿ ಉಂಟು ಅಂತ ನೋಡಿ ಪುನಃ ಝೀರೋ ಮಾಡಿ, ನಿಂತರೆ ಆಯ್ತು. ರೌಂಡ್ ಖರ್ಚು ಮಾಡುವ ಮೊದಲು ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟ್ ತೆಗೆದು ರೈಫಲನ್ನು ಮೂಟೆಯ ಮೇಲೆ ಕೂರ್ಸಿ, ನಳಿಗೆ ಒಳಗಿಂದ 25 ಮೀಟರ್ ದೂರದ ಒಂದು ಗುರುತು ನೋಡಿ, ಆಮೇಲೆ ಸ್ಕೋಪಲ್ಲಿ ನೋಡಿ, ಎಷ್ಟು ತಪ್ಪಿದೆ ಅಂತ ಅಂದಾಜು ಸಿಗ್ತದೆ. ಮುಂದಿನ ಸಲ ಇಡುವ ಮೊದಲು ಸ್ಕೋಪನ್ನು ರಿಂಗ್ ಸಮೇತ ತೆಗೆದು ಮನೆಯಲ್ಲಿಡಿ, ರೈಫಲಿನ ಮೇಲಿನ ರೈಲಿನ ಎಷ್ಟನೇ ಅಡ್ಡ ತೋಡಲ್ಲಿ ಇತ್ತು ಅಂತ ಬರೆದಿಡಿ, ವಾಪಸ್ ಹಾಕುವಾಗ ಮುಂದಕ್ಕೆ ಒತ್ತಿ ಹಿಡ್ಕೊಂಡು ಬಿಗಿ ಮಾಡಿ. ಆದ್ರೂ ಹೊಡ್ದು ನೋಡದೆ ನಂಬ್ಬೇಡಿ. ಹೊಡಿಯುದು ರೇಂಜಲ್ಲಿ ಮಾತ್ರ, 0.22 ಗುಂಡು ಒಂದೂವರೆ ಕಿಲೋಮೀಟರಿಗಿಂತ ಜಾಸ್ತಿ ಹೋಗ್ತದೆ, ತೋಟದ ಆಚೆ ಯಾರ ಮನೆ ಉಂಟು ಅಂತ ನಿಮಗೇ ಗೊತ್ತು.

ಪ್ರಶ್ನೆ: 10 ಮೀಟರ್ ಏರ್ ರೈಫಲ್ ಸ್ಪರ್ಧೆಗೆ ಸೇರ್ಬೇಕಂತ ಉಂಟು, ಯಾವ ಸ್ಕೋಪ್ ಒಳ್ಳೇದು?
– ವಿದ್ಯಾರ್ಥಿನಿ, ಸುರತ್ಕಲ್

ಉತ್ತರ: ಸ್ಕೋಪೇ ಬೇಡ ತಂಗಿ, ದುಡ್ಡು ಉಳೀತು. ಅದರಲ್ಲಿ ದೊಡ್ಡದು ಮಾಡಿ ತೋರಿಸುವ ಲೆನ್ಸಿನ ಸೈಟ್ ಹಾಕ್ಲಿಕ್ಕಿಲ್ಲ, ಹಿಂದೆ ಸಣ್ಣ ತೂತಿನ ಸೈಟ್, ಮುಂದೆ ಒಂದು ಉಂಗುರ, ಅಷ್ಟೇ. ಹತ್ತು ಅಂಕದ ಚುಕ್ಕೆ ಅರ್ಧ ಮಿ.ಮೀ., 2008ರಲ್ಲಿ ಬೀಜಿಂಗಲ್ಲಿ ಅಭಿನವ್ ಬಿಂದ್ರಾ ಚಿನ್ನ ತಂದದ್ದು ಇದೇ ಸ್ಪರ್ಧೆಯಲ್ಲಿ. ಮೊದಲು ಕ್ಲಬ್ಬಿನ ರೈಫಲಲ್ಲಿ ಕಲೀರಿ, ಸ್ವಂತದ್ದು ಆಮೇಲೆ.

ಪ್ರಶ್ನೆ: ಅಡಿಕೆ ತೋಟಕ್ಕೆ ಮಂಗ, ನವಿಲು ಬರ್ತವೆ. ಏರ್‌ಗನ್ನಿಗೆ ಲೈಸೆನ್ಸ್ ಬೇಡ ಅಲ್ವಾ, ಎಷ್ಟು ದೂರಕ್ಕೆ ಝೀರೋ ಮಾಡುದು?
– ಓದುಗರು, ಕಾರ್ಕಳ

ಉತ್ತರ: 4.5 ಮಿ.ಮೀ. ಬೋರಿಗೆ ಮೀರದ, 20 ಜೂಲ್ ಶಕ್ತಿಗೆ ಮೀರದ ಏರ್‌ಗನ್ನಿಗೆ 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸ್ ಬೇಡ, ಸರಿ. ಅದು ಇಟ್ಕೊಳ್ಳಿಕ್ಕೆ, ಪ್ರಾಣಿಗೆ ಹೊಡೀಲಿಕ್ಕೆ ಅಲ್ಲ. ನವಿಲಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಶೆಡ್ಯೂಲಿನ ರಕ್ಷಣೆ ಉಂಟು, ಜೈಲಿನ ಮಾತು. ಮಂಗನ ಹೊಟ್ಟೆಗೆ ಪೆಲೆಟ್ ಹೊಕ್ಕಿದ್ರೆ ಅದು ಅಲ್ಲೇ ಸಾಯುದಿಲ್ಲ, ವಾರಗಟ್ಟಲೆ ಕೊಳೀತದೆ. ಅದಕ್ಕೆ ಝೀರೋ ಹೇಳಿಕೊಡ್ಲಿಕ್ಕೆ ನನ್ನಿಂದ ಆಗುದಿಲ್ಲ, ಬೆಳೆ ಹೋದದ್ದಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಕೊಡಿ.

ಪ್ರಶ್ನೆ: ಸ್ಕೋಪಿನ ಒಳಗೆ ಮಂಜು ಕೂತ ಹಾಗೆ ಕಾಣ್ತದೆ, ಬಿಸಿಲಿಗೆ ಇಡ್ಬಹುದಾ?
– ಓದುಗರು, ಮಲ್ಪೆ

ಉತ್ತರ: ಒಳಗಾ ಹೊರಗಾ ಮೊದಲು ನೋಡಿ. ಏಸಿ ರೂಮಿಂದ ಸೀದಾ ಅಂಗಳಕ್ಕೆ ತಂದ್ರೆ ಹೊರಗಿನ ಗಾಜಿಗೆ ಮಂಜು ಕೂರ್ತದೆ, ಸ್ವಲ್ಪ ಹೊತ್ತಲ್ಲಿ ಹೋಗ್ತದೆ. ಒಳಗೇ ಕೂತಿದ್ರೆ ಸೀಲ್ ಬಿಟ್ಟಿದೆ, ಒಳಗೆ ತುಂಬಿದ ಒಣ ನೈಟ್ರೋಜನ್ ಹೋಗಿ ನಮ್ಮ ಚೆಂಡಿ ಗಾಳಿ ಹೊಕ್ಕಿದೆ, ಬಿಸಿಲಿಗೆ ಇಟ್ರೆ ಒಂದು ದಿನ ಹೋಗಿ ಮಳೆ ಬಂದ ಕೂಡ್ಲೇ ವಾಪಸ್ ಬರ್ತದೆ. ವಾರಂಟಿ ಇದ್ರೆ ಕಳ್ಸಿ. ಒಳ್ಳೆ ಸ್ಕೋಪ್ ಇದ್ದವರು ಮಳೆಗಾಲದಲ್ಲಿ ಸ್ಪಂಜಿನ ಕವರಲ್ಲಿ ಮುಚ್ಚಿ ಇಡ್ಬೇಡಿ, ಸ್ಪಂಜು ತೇವ ಹಿಡ್ಕೊಂಡು ಕೂರ್ತದೆ, ಗಾಜಿಗೆ ಬಲೆ ಬಲೆ ಫಂಗಸ್ ಬರ್ತದೆ. ಗಾಳಿ ಹೋಗದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ, ನೀಲಿ ಕಾಳು ಗುಲಾಬಿ ಆದ್ರೆ ಕಾವಲಿಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿ ಪುನಃ ಹಾಕಿ.

ಪ್ರಶ್ನೆ: ಮೌಂಟ್ ಸಡಿಲ ಆಗ್ಬಾರ್ದು ಅಂತ ಸ್ಕ್ರೂಗೆ ಕೆಂಪು ಲಾಕ್‌ಟೈಟ್ ಅಂಟು ಹಾಕಿಬಿಟ್ಟೆ, ಈಗ ಸ್ಕ್ರೂ ಬರುದೇ ಇಲ್ಲ.
– ಓದುಗರು, ಬಂಟ್ವಾಳ

ಉತ್ತರ: ನೀಲಿ ಹಾಕ್ಬೇಕಿತ್ತು, ಅದೂ ಬೇಸಿನ ಸ್ಕ್ರೂಗೆ ಒಂದು ಸಣ್ಣ ಹನಿ. ಕೆಂಪು ಬಿಡುದು 260 ಡಿಗ್ರಿ ಹತ್ರ ಬಿಸಿ ಆದ್ರೆ ಮಾತ್ರ. ಗ್ಯಾಸ್ ಲೈಟರ್ ಹಿಡೀಬೇಡಿ, ಸ್ಕೋಪಿನ ಸೀಲ್ ಹೋಗ್ತದೆ. ಸೋಲ್ಡರಿಂಗ್ ಐರನಿನ ತುದಿಯನ್ನು ಸ್ಕ್ರೂ ತಲೆಯ ತೂತಿಗೆ ಇಟ್ಟು ಒಂದೆರಡು ನಿಮಿಷ ಕಾಯಿಸಿ, ಬಿಸಿ ಇರುವಾಗಲೇ ಒಳ್ಳೆ ಅಳತೆಯ ಎಲನ್ ಕೀ ಹಾಕಿ ಮೆಲ್ಲ ತಿರುಗಿಸಿ. ಒಂದೊಂದೇ ಸ್ಕ್ರೂ ಮಾಡಿ, ಮಧ್ಯೆ ಟ್ಯೂಬ್ ತಣಿಯಲಿಕ್ಕೆ ಬಿಡಿ. ತಲೆ ಸವೆದಿದ್ರೆ ಮಾತ್ರ ಲೇತಿನವರ ಹತ್ರ ಕೊಂಡೋಗಿ, ರೈಫಲ್ ಬೇಡ, ಗಾಡಿಯಿಂದ ಮೌಂಟ್ ಜಾರಿಸಿ ತೆಗೀಲಿಕ್ಕೆ ಆಗ್ತದಾ ನೋಡಿ ಅದನ್ನು ಮಾತ್ರ.